ಓದುಗರ ಪ್ರಶ್ನೆ: ಕವಿಮನೆಯಿಂದ ಕವಿಶೈಲಕ್ಕೆ

ಪ್ರಶ್ನೆ: ಅರವತ್ತು ದಾಟಿದ ಅಪ್ಪ-ಅಮ್ಮನನ್ನು ಕುವೆಂಪು ಅವರ ಊರು ಕುಪ್ಪಳಿಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಅಮ್ಮನಿಗೆ ಮಂಡಿನೋವು. ಕವಿಶೈಲದವರೆಗೆ ನಡೆಯಲು ಆದೀತೆ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಆಗುತ್ತದೆ. ಕವಿಶೈಲ ಚಿಕ್ಕ ಗುಡ್ಡ. ಕುವೆಂಪು ಬೆಳೆದ ಮನೆ ಕವಿಮನೆಯಿಂದ ನಿಧಾನವಾಗಿ ಹತ್ತಿದರೂ ಅರ್ಧ ಗಂಟೆ ಸಾಕು. ಅಮ್ಮನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಏಕೆಂದರೆ ಇಳಿಯುವಾಗ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಗುಡ್ಡದ ಮೇಲಿನವರೆಗೆ ವಾಹನದ ರಸ್ತೆಯೂ ಇದೆ. ಹತ್ತುವಾಗ ಕಾಡಿನ ದಾರಿಯಲ್ಲಿ ನಡೆದು, ಇಳಿಯುವಾಗ ಅವರನ್ನು ಕಾರಿನಲ್ಲಿ ಕರೆತನ್ನಿ. ಹೋಗುವಾಗಲೂ ಕಾರಿನಲ್ಲೇ ಹೋಗಿಬಿಟ್ಟರೆ ಅರ್ಧ ಕುಪ್ಪಳಿಯನ್ನು ನೋಡದೆ ಬಂದಂತೆ.

ಮಧ್ಯಾಹ್ನ ಮೂರರ ಹೊತ್ತಿಗೆ ಕವಿಮನೆಯಲ್ಲಿರಿ. ಉಪ್ಪರಿಗೆಗಳ ಆ ತೊಟ್ಟಿಮನೆಗೆ ಒಂದು ಗಂಟೆಯಾದರೂ ಬೇಕು. ಕುವೆಂಪು ಹುಟ್ಟಿದ್ದು (29 ಡಿಸೆಂಬರ್ 1904) ತಾಯಿಯ ತವರು ಹಿರೇಕೊಡಿಗೆಯಲ್ಲಿ. ಬೆಳೆದದ್ದು ಈ ಮನೆಯಲ್ಲಿ. 1937ರಲ್ಲಿ ಅವರ ಮದುವೆ ನಡೆದ ಮರದ ಮಂಟಪವೂ ಒಳಗಿದೆ. ಮುಂದಿನ ಅಡಿಕೆ ತೋಟವನ್ನು ಜಗುಲಿಯಿಂದ ಒಮ್ಮೆ ನೋಡಿಕೊಂಡು ಗುಡ್ಡದ ದಾರಿ ಹಿಡಿಯಿರಿ.

ಮೇಲೆ ಮೊದಲು ಕಣ್ಣಿಗೆ ಬೀಳುವುದು ವೃತ್ತಾಕಾರವಾಗಿ ನಿಲ್ಲಿಸಿದ ದೊಡ್ಡ ಕಲ್ಲುಗಳು. ನಡುವೆ ಕವಿಯ ಸಮಾಧಿ ಇದೆ. ಹೆಚ್ಚಿನವರು ಅಲ್ಲೇ ಫೋಟೊ ತೆಗೆದುಕೊಂಡು ವಾಪಸಾಗುತ್ತಾರೆ. ಹತ್ತಿರದ ಬಂಡೆಯನ್ನು ಬಗ್ಗಿ ನೋಡಿ: ಕುವೆಂಪು ಮತ್ತು ಹಿರಿಯ ಸಾಹಿತಿಗಳಾದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಅದರ ಮೇಲೆ ಕೆತ್ತಿದ ತಮ್ಮ ಹೆಸರಿನ ಅಕ್ಷರಗಳು ಕಾಣುತ್ತವೆ. ಮಧ್ಯಾಹ್ನದ ನೆತ್ತಿಬಿಸಿಲಿನಲ್ಲಿ ಕೆತ್ತನೆಗೆ ನೆರಳು ಬೀಳದೆ ಅವು ಸರಿಯಾಗಿ ಕಾಣುವುದಿಲ್ಲ. ಸಂಜೆಯ ಓರೆ ಬೆಳಕಿನಲ್ಲಿ ಸ್ಪಷ್ಟವಾಗುತ್ತವೆ. ಮೂರಕ್ಕೇ ಬನ್ನಿ ಎಂದದ್ದಕ್ಕೆ ಇದೂ ಒಂದು ಕಾರಣ. ಅಕ್ಷರಕ್ಕೆ ಸೀಮೆಸುಣ್ಣ ಬಳಿಯಬೇಡಿ, ನಿಮ್ಮ ಹೆಸರು ಗೀಚಬೇಡಿ. ಸೂರ್ಯ ಮುಳುಗುವವರೆಗೆ ಇರುವುದಾದರೆ ಟಾರ್ಚ್ ಜೊತೆಗಿರಲಿ. ಮರಗಳ ಕೆಳಗೆ ಕತ್ತಲು ಬೇಗ ಕವಿಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟವಂತೆ. ಬೇಸಿಗೆಯೇ ಒಳ್ಳೆಯದಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಉಂಬಳಕ್ಕೆ ಹೆದರಬೇಕಾಗಿಲ್ಲ. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ, ಚೀಲದ ಹೊರಗೆ ಉಪ್ಪು ಅಥವಾ ನಶ್ಯ ಉಜ್ಜಿ. ಮಳೆಯಲ್ಲಿ ಅದು ತೊಳೆದುಹೋಗುವುದರಿಂದ ಮತ್ತೆ ಹಚ್ಚಬೇಕು. ಕಚ್ಚಿದ್ದನ್ನು ಜಗ್ಗಬೇಡಿ, ಬಾಯಿಯ ಅಡಿಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಮಳೆಗಾಲದ ನಿಜವಾದ ಅಪಾಯ ಪಾಚಿ ಕಟ್ಟಿದ ಕಲ್ಲು. ಸವೆದ ಚಪ್ಪಲಿಯಲ್ಲಿ ಬರಲೇಬೇಡಿ.

ಡಿಸೆಂಬರ್‌ನಿಂದ ಮೇವರೆಗೆ ಮೈಗೆ ಅಂಟಿ ರಕ್ತ ಹೀರುವ ಸಣ್ಣ ಹುಳು ಉಣುಗಿನ ಬಗ್ಗೆ ಎಚ್ಚರವಿರಲಿ. ಮಂಗನ ಕಾಯಿಲೆ ಹರಡುವುದು ಅದರಿಂದಲೇ, ತೀರ್ಥಹಳ್ಳಿ ಕಡೆ ಆ ಕಾಯಿಲೆ ಇದೆ. ತರಗೆಲೆಯ ಮೇಲೆ ಕೂರಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ವಾಪಸಾದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಒಂದೆರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಎಂದು ವೈದ್ಯರಿಗೆ ಹೇಳಲೇಬೇಕು. ನಮ್ಮ ಮಟ್ಟಿಗೆ ನವೆಂಬರ್ ಎಲ್ಲಕ್ಕಿಂತ ಚೆನ್ನ.

ಪ್ರಶ್ನೆ: ಹೋಗುವ ಮೊದಲು ಏನು ಓದಿಕೊಳ್ಳಬೇಕು? ತೇಜಸ್ವಿಯವರ ಸ್ಮಾರಕವೂ ಅಲ್ಲೇ ಇದೆಯೇ?
– ಓದುಗರು, ಧಾರವಾಡ

ಉತ್ತರ: ಕುವೆಂಪು ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ಯ ಬಾಲ್ಯದ ಅಧ್ಯಾಯಗಳನ್ನು ಮನೆಯಲ್ಲೇ ಓದಿಕೊಂಡು ಬನ್ನಿ. ಅವರ ‘ಕವಿಶೈಲ’ದ ಸಾನೆಟ್ಟುಗಳನ್ನು (ಹದಿನಾಲ್ಕು ಸಾಲಿನ ಕವಿತೆಗಳನ್ನು) ಮಾತ್ರ ಬಂಡೆಯ ಮೇಲೆ ಕೂತು ಓದಿ, ಇಲ್ಲಿ ಮಾತು ಬೇಡ ಎಂದು ಕವಿ ತಮ್ಮ ಗೆಳೆಯರನ್ನು ಕೇಳಿಕೊಳ್ಳುವುದು ಆ ಸಾನೆಟ್ಟುಗಳಲ್ಲೇ. ಕುವೆಂಪು ಅವರ ಮಗ, ಲೇಖಕ ತೇಜಸ್ವಿಯವರ ಸ್ಮಾರಕವೂ ಕುಪ್ಪಳಿಯಲ್ಲೇ ಇದೆ. ಕವಿಶೈಲದಿಂದ ಇಳಿದ ಮೇಲೆ ಅದಕ್ಕೆಂದು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ.