ಜಾನ್ ಹರ್ಟ್ ಗಿಟಾರ್ ಬಿಟ್ಟಿರಲಿಲ್ಲ

1928ರ ನಂತರ 35 ವರ್ಷ ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಮಿಸ್ಸಿಸ್ಸಿಪ್ಪಿ ಜಾನ್ ಹರ್ಟ್ ನುಡಿಸುವುದನ್ನೇ ಬಿಟ್ಟಿದ್ದರಾ ಅಂತ ಕೇಳಿದ್ದೀರಿ. ಇಲ್ಲ ಸರ್. 1928ರಲ್ಲಿ ಓಕೆ ಎಂಬ ರೆಕಾರ್ಡ್ ಕಂಪನಿಗೆ ಹಾಡಿದ ರೆಕಾರ್ಡುಗಳು ಅಷ್ಟಾಗಿ ಮಾರಾಟವಾಗಲಿಲ್ಲ, ಮರುವರ್ಷವೇ ಆರ್ಥಿಕ ಕುಸಿತ. ಅವರು ತಮ್ಮ ಹಳ್ಳಿ ಆವಲಾನ್‌ಗೆ ಮರಳಿ ಪಾಲಿಗೆ ಬೇಸಾಯ ಮಾಡಿದರು, ಊರಿನ ಕುಣಿತದ ಕೂಟಗಳಲ್ಲಿ ನುಡಿಸುತ್ತಿದ್ದರು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಬ್ಲೂಸ್ ಅಭಿಮಾನಿ ಹರ್ಟ್ ಅವರನ್ನು ಹುಡುಕಿದ್ದು ಅವರ ಹಳೆಯ ಹಾಡಿನಲ್ಲೇ ಇದ್ದ ಊರಿನ ಹೆಸರು ಹಿಡಿದು! ಅದೇ ವರ್ಷ ಅಮೆರಿಕದ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದಲ್ಲಿ ಹರ್ಟ್ ಹಾಡಿದರು.

ದಯವಿಟ್ಟು ಅವರ ಬಲಗೈ ಗಮನಿಸಿ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಲಯ ತಪ್ಪದೆ ಓಡಾಡುತ್ತಿರುತ್ತದೆ, ಉಳಿದ ಬೆರಳುಗಳು ಹಾಡಿನ ಧಾಟಿ ಹಿಡಿಯುತ್ತವೆ. ಒಬ್ಬರೇ ನುಡಿಸಿದರೂ ಇಬ್ಬರಂತೆ ಕೇಳುತ್ತದೆ. ದನಿಯಂತೂ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಮೆತ್ತಗೆ. 1966ರ ನವೆಂಬರಿನಲ್ಲಿ ತೀರಿಕೊಂಡರು. ಎರಡನೇ ಸರದಿ ಮೂರೇ ವರ್ಷ ಸಿಕ್ಕಿದ್ದು ನನಗೆ ಇವತ್ತಿಗೂ ಸಂಕಟ.