ಡೆನ್ವರ್‌ಗೆ ಬಂದ ತಮ್ಮನಿಗೆ, ಆ ಪುಟ್ಟ ಸಭೆಯ ಬಗ್ಗೆ

ತಮ್ಮಾ, ವಂದನೆಗಳು. ರೂಮಿನ ಹತ್ತಿರ ಒಂದು ಪುಟ್ಟ ಆಂಗ್ಲಿಕನ್ ಕ್ಯಾಥೊಲಿಕ್ ಚರ್ಚ್ ಇದೆ, ಅದು ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ತರಹದ್ದೇನಾ, ಸೇರಬಹುದಾ ಅಂತ ಕೇಳಿದ್ದೀಯ. ಚಳಿ, ಬಾಡಿಗೆ ಬಗ್ಗೆಯೂ ಕೇಳಿದ್ದೀಯ. ಮೊದಲು ಒಳ್ಳೆ ಕೋಟು, ಬೂಟು ತಗೋ. ಉಳಿದದ್ದು ಕಾಲೇಜಿನ ಹುಡುಗರೇ ಹೇಳುತ್ತಾರೆ.

ನಾನು ಬಂದ ಮೊದಲ ಚಳಿಗಾಲದಲ್ಲಿ ಇನ್ನೊಂದು ಊರಲ್ಲಿ ಇಂಥದ್ದೇ ಒಂದು ಸಭೆ ನನ್ನನ್ನು ಕೈಹಿಡಿದು ಕರೆದುಕೊಂಡಿತು. ಬೆರಳೆಣಿಕೆಯಷ್ಟು ಜನ, 1928ರ ಹಳೆಯ ಪ್ರಾರ್ಥನಾ ಪುಸ್ತಕ, ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವ ಕರ್ತನ ಭೋಜನ. ಆ ಭಕ್ತಿ ನನಗೆ ಈಗಲೂ ಇಷ್ಟ.

ಇವರ ಕಥೆ ಗೊತ್ತಿರಲಿ. 1976ರಲ್ಲಿ ಅಮೆರಿಕದ ಎಪಿಸ್ಕೋಪಲ್ ಚರ್ಚ್, ಅಂದರೆ ಅಲ್ಲಿನ ಆಂಗ್ಲಿಕನ್ ಸಭೆ, ಹೆಂಗಸರಿಗೂ ಗುರುದೀಕ್ಷೆ ಕೊಡಲು ಒಪ್ಪಿತು. ಹೊಸ ಪ್ರಾರ್ಥನಾ ಪುಸ್ತಕಕ್ಕೂ ಅಲ್ಲೇ ಮೊದಲ ಒಪ್ಪಿಗೆ ಸಿಕ್ಕಿತು. ಬೇಡ ಅಂದವರು 1977ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೇರಿ, ಹಳೆಯ ದಾರಿಯಲ್ಲೇ ಮುಂದುವರಿಯುತ್ತೇವೆ ಎಂದು ಘೋಷಿಸಿದರು. 1978ರ ಜನವರಿಯಲ್ಲಿ ನಿನ್ನ ಡೆನ್ವರ್‌ನಲ್ಲೇ ಅವರ ಮೊದಲ ಬಿಷಪ್ಪರ ಅಭಿಷೇಕ ಆಯಿತು. ಅದೇ ವರ್ಷ ಡಲ್ಲಾಸ್‌ನಲ್ಲಿ ಸಂವಿಧಾನ ಬರೆಯಲು ಕೂತರು, ಅಲ್ಲೇ ಬಿರುಕು ಬಿಟ್ಟಿತು. ಆ ಮೊದಲ ಬಿಷಪ್ಪರಲ್ಲೊಬ್ಬರಾದ ರಾಬರ್ಟ್ ಮೋರ್ಸ್ ಕಡೆಯವರು ಬೇರೆ ನಿಂತರು. ಆಮೇಲೆ ಒಡೆದದ್ದಕ್ಕೆ ಲೆಕ್ಕವಿಲ್ಲ. 2017ರಲ್ಲಿ ಅಟ್ಲಾಂಟಾದಲ್ಲಿ ಇಂಥ ನಾಲ್ಕು ಗುಂಪುಗಳು ಪೂರ್ಣ ಅನ್ಯೋನ್ಯತೆಗೆ, ಅಂದರೆ ಒಬ್ಬರ ಭೋಜನದಲ್ಲಿ ಇನ್ನೊಬ್ಬರು ಸೇರುವುದಕ್ಕೆ, ಸಹಿ ಹಾಕಿದ ಸುದ್ದಿ ಓದಿ ನಾನು ಅತ್ತಿದ್ದೇನೆ.

ಯಾಕೆಂದರೆ ನಮ್ಮ ಸಭೆಯೂ ಒಡೆದಿತ್ತು. ಯಾವ ಬಿಷಪ್ಪರ ಕೈಕೆಳಗೆ ಇರಬೇಕು ಅನ್ನುವುದೇ ಜಗಳ. ದೊಡ್ಡ ಸಭೆಯಲ್ಲಿ ಜಗಳವಾದರೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಪ್ರಾರ್ಥನೆ ಮಾಡಬಹುದು. ಅಷ್ಟು ಕಮ್ಮಿ ಜನರಲ್ಲಿ ಹಿಂದಿನ ಬೆಂಚು ಎಲ್ಲಿದೆ? ಮೊದಲ ಕ್ರಿಸ್‌ಮಸ್‌ಗೆ ನನ್ನನ್ನು ಮನೆಗೆ ಕರೆದು ಊಟ ಹಾಕಿದ ಅಜ್ಜಿ ಆ ಕಡೆ ಹೋದರು. ನನಗೆ ಕಾರು ಓಡಿಸಲು ಕಲಿಸಿದವರು ಈ ಕಡೆ ಉಳಿದರು. ಅಜ್ಜಿ ತೀರಿಕೊಂಡದ್ದು ನನಗೆ ಗೊತ್ತಾಗುವಾಗ ಮಣ್ಣು ಆಗಿಹೋಗಿತ್ತು. ಒಂದೇ ಬಟ್ಟಲಲ್ಲಿ ಕುಡಿದವರು ನಾವು. ಒಂದು ಫೋನ್ ಮಾಡುವವರೂ ಇರಲಿಲ್ಲ.

ನಮ್ಮ ಹಿರಿಯರನ್ನು ನೆನೆದರೆ ಹೆಮ್ಮೆಯಾಗುತ್ತದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು ಒಂದಾಗಿ ನಮ್ಮ ಸಿಎಸ್‌ಐ ಕಟ್ಟಿದರಲ್ಲ, ಅದೇನು ಸುಲಭದ ಮಾತಾ? ಮೈಸೂರು ಸೀಮೆಯ ಮೆಥೊಡಿಸ್ಟರ ವೆಸ್ಲಿ ಮಿಷನ್‌ನ ನಮ್ಮ ತಾತಂದಿರೂ ಅದರಲ್ಲಿ ಸೇರಿದರು.

ಹಾಗಾಗಿ, ಇಲ್ಲ, ಅದು ನಮ್ಮ ಸಿಎಸ್‌ಐ ತರಹದ್ದಲ್ಲ. ನಮ್ಮದು ಆಂಗ್ಲಿಕನ್ ಕಮ್ಯುನಿಯನ್‌ನ, ಅಂದರೆ ಲೋಕದ ಆಂಗ್ಲಿಕನ್ ಸಭೆಗಳ ಕೂಟದ, ಒಳಗಿದೆ, ಅವರು ಹೊರಗಿದ್ದಾರೆ. ನಮ್ಮಲ್ಲಿ ಹೆಂಗಸರು ಅಯ್ಯನವರ (ಪಾದ್ರಿಯ) ಕೆಲಸ ಮಾಡುತ್ತಾರೆ, 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಅಮ್ಮನವರು ಬಿಷಪ್ ಆದರು. ಅಲ್ಲಿ ಇದನ್ನು ಒಪ್ಪುವುದಿಲ್ಲ. ಕರ್ತನ ಭೋಜನಕ್ಕೆ ಮುಂದೆ ಹೋಗುವ ಮೊದಲು ಪಾದ್ರಿಯನ್ನು ಕೇಳು. ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡ.

ಆರಾಧನೆಗೆ ಹೋಗು, ಕಾಫಿಗೂ ನಿಲ್ಲು. ಸದಸ್ಯತ್ವ ಮಾತ್ರ ಊರಿನ ಸಭೆಯಲ್ಲೇ ಇರಲಿ. ಅವರ ಕಮಿಟಿಗೆ ನಿನ್ನನ್ನು ಕರೆದರೆ, ಓದು ಜಾಸ್ತಿ ಇದೆ ಅಂತ ಹೇಳಿಬಿಡು.