“ಆಪರೇಷನ್ ಆದ ಮೇಲೆ ನೋವು ಇದ್ದದ್ದೇ” ಎಂದರೆ ಸಾಕೇ?

ಪ್ರಶ್ನೆ: ಮೊಣಕಾಲ ಕೆಳಗಿನ ಮೂಳೆ ಮುರಿದು ನಮ್ಮ ತಂದೆಯವರಿಗೆ ಶಸ್ತ್ರಚಿಕಿತ್ಸೆಯಾಯಿತು. ಅಂದು ರಾತ್ರಿಯಿಡೀ ಅವರು ನೋವಿನಿಂದ ನರಳಿದರು. ನಾಲ್ಕು ಸಲ ಕರೆದರೂ ನರ್ಸ್ ಒಂದು ಮಾತ್ರೆ ಕೊಟ್ಟು, “ಆಪರೇಷನ್ ಆದ ಮೇಲೆ ನೋವು ಇದ್ದದ್ದೇ” ಎಂದರು. ಡ್ಯೂಟಿ ಡಾಕ್ಟರು ಬರಲೇ ಇಲ್ಲ. ಇದು ವೈದ್ಯಕೀಯ ನಿರ್ಲಕ್ಷ್ಯವಾಗುತ್ತದೆಯೇ? ಪರಿಹಾರ ಕೇಳಬಹುದೇ?

ಉತ್ತರ: ಕೇಳಬಹುದು. ಆದರೆ ನೋವಿತ್ತು ಎಂಬುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗುವುದಿಲ್ಲ. ಮಾರ್ಫಿನ್‌ನಂಥ ಪ್ರಬಲ ಔಷಧಗಳು ಉಸಿರಾಟವನ್ನೇ ಕುಗ್ಗಿಸಬಲ್ಲವಾದ್ದರಿಂದ, ಕೇಳಿದಾಗಲೆಲ್ಲ ಕೊಡದಿರುವುದಕ್ಕೆ ವೈದ್ಯರ ಬಳಿ ಸರಿಯಾದ ಕಾರಣವೇ ಇರಬಹುದು. ಬಂದು ನೋಡದೆ ಇರುವುದಕ್ಕೆ ಮಾತ್ರ ಅಂಥ ಕಾರಣ ಹೇಳುವುದು ಕಷ್ಟ, ಮತ್ತು ನಿಮ್ಮ ದೂರಿನ ಬಲವೆಲ್ಲ ಅಲ್ಲಿಯೇ ಇದೆ.

ಕಾಲಿನ ಮೂಳೆ ಮುರಿದವರಲ್ಲಿ ಸ್ನಾಯುಗಳನ್ನು ಸುತ್ತಿರುವ ಪೊರೆಯೊಳಗೆ ಒತ್ತಡ ಏರಿ ರಕ್ತಸಂಚಾರ ಕಡಿಮೆಯಾಗುವ ಅಪಾಯವಿರುತ್ತದೆ. ವೈದ್ಯರು ಇದನ್ನು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಗಾಯಕ್ಕೆ ಮೀರಿದ ನೋವು, ಕಾಲ್ಬೆರಳನ್ನು ಮೆಲ್ಲಗೆ ಎಳೆದರೂ ಹೆಚ್ಚುವ ನೋವು ಇದರ ಮೊದಲ ಸೂಚನೆ. ಕೆಲವೇ ಗಂಟೆಗಳಲ್ಲಿ ಪೊರೆಯನ್ನು ಸೀಳಿ ಒತ್ತಡ ಇಳಿಸದಿದ್ದರೆ ಸ್ನಾಯು ಸಾಯುತ್ತದೆ. ಆದ್ದರಿಂದ ಇಂಥ ರೋಗಿಯ ನರಳಾಟವನ್ನು ಪರೀಕ್ಷಿಸದೆ ಬಿಟ್ಟು ಕಾಲಿಗೆ ಶಾಶ್ವತ ಹಾನಿಯಾಗಿದ್ದರೆ ಅದು ಗಂಭೀರ ಪ್ರಕರಣ. ಹಾನಿಯೇನೂ ಆಗದೆ ಒಂದು ರಾತ್ರಿಯ ಸಂಕಟವಷ್ಟೇ ಉಳಿದಿದ್ದರೆ, ತಜ್ಞರ ಅಭಿಪ್ರಾಯಕ್ಕೆ ತಗಲುವ ವೆಚ್ಚವೇ ಪರಿಹಾರವನ್ನು ಮೀರಬಹುದೆಂದು ನೇರವಾಗಿ ಹೇಳಬೇಕಾಗುತ್ತದೆ.

ನೋವಿಗೆ ಸಾಕಷ್ಟು ಚಿಕಿತ್ಸೆ ಕೊಡದಿದ್ದುದಕ್ಕೇ ಪರಿಹಾರ ಸಿಕ್ಕ ಉದಾಹರಣೆ ಇಲ್ಲದಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಇದ್ದ ವೃದ್ಧರೊಬ್ಬರ ಪ್ರಕರಣದಲ್ಲಿ 2001ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ 15 ಲಕ್ಷ ಡಾಲರ್ ಕೊಡಬೇಕೆಂದಿತು. ಆ ಮೊತ್ತ ಬಳಿಕ 2.5 ಲಕ್ಷಕ್ಕೆ ಇಳಿಯಿತು. ಆದರೆ ಅದು ಶಸ್ತ್ರಚಿಕಿತ್ಸೆಯ ಪ್ರಕರಣವಲ್ಲ, ಹಿರಿಯರ ಮೇಲಿನ ದೌರ್ಜನ್ಯದ ಕಾನೂನಿನಡಿ ಗೆದ್ದದ್ದು ಎಂಬುದನ್ನು ಮರೆಯಬಾರದು.

ಕೇಸ್ ಶೀಟ್, ನರ್ಸ್‌ಗಳ ಟಿಪ್ಪಣಿ ಮತ್ತು ಔಷಧ ಕೊಟ್ಟ ಚಾರ್ಟ್‌ನ ಪೂರ್ಣ ಪ್ರತಿಗಳನ್ನು ಲಿಖಿತವಾಗಿ ಕೇಳಿ. ನೋವನ್ನು ಸಾಮಾನ್ಯವಾಗಿ 0ಯಿಂದ 10ರವರೆಗಿನ ಅಂಕದಲ್ಲಿ ಬರೆದಿಡುತ್ತಾರೆ. ರಾತ್ರಿ 11ಕ್ಕೆ “8” ಎಂದು ಬರೆದು ಮುಂದಿನ ನಮೂದು ಬೆಳಗಿನ 6ಕ್ಕೇ ಇದ್ದರೆ, ನಡುವಿನ ಆ ಏಳು ಗಂಟೆಗಳಿಗೆ ಆಸ್ಪತ್ರೆಯವರೇ ಉತ್ತರ ಹೇಳಬೇಕು. ಅಂದು ರಾತ್ರಿ ನೀವು ಮನೆಯವರಿಗೆ ಕಳಿಸಿದ ಸಂದೇಶಗಳನ್ನೂ ಅಳಿಸಬೇಡಿ, ಅವುಗಳಲ್ಲಿ ಸಮಯ ಇರುತ್ತದೆ. ದೂರು ಸಲ್ಲಿಸಲು ಕಾಲಮಿತಿಯೂ ಉಂಟು.

ತಂದೆಯವರ ಪಾದದಲ್ಲಿ ಈಗಲೂ ಜೋಮು ಇದೆಯೇ, ಬೆರಳು ಆಡಿಸಲು ಆಗುತ್ತಿದೆಯೇ ಎಂದು ನೀವು ಬರೆದಿಲ್ಲ. ತೊಂದರೆ ಇದ್ದರೆ ವಕೀಲರಿಗಿಂತ ಮೊದಲು ಬೇರೊಬ್ಬ ಮೂಳೆ ತಜ್ಞರಿಗೆ ಇಂದೇ ತೋರಿಸಿ. ಅವರು ಬರೆದುಕೊಡುವ ವರದಿ ಮುಂದೆ ದೂರಿಗೂ ಬೇಕಾಗುತ್ತದೆ.